ಇಟಲಿಯ ಬೆಂಚು, ಮಾಜಿವಾಡಾದ ಮೊಳೆ

ಮಾಜಿವಾಡಾ ಜಂಕ್ಷನ್ನಿನಲ್ಲಿ ಅರ್ಧ ಗಂಟೆ ನಿಂತರೆ ಲೋಕದ ಸಾಮಾನೆಲ್ಲ ಕಣ್ಣೆದುರೇ ಹಾದುಹೋಗುತ್ತದೆ. ಉರಣ್ ಕಡೆಯ ನ್ಹಾವಾ ಶೇವಾ ಬಂದರಿನಲ್ಲಿ ಇಳಿದ ಕಂಟೇನರುಗಳು ಕಳಂಬೋಲಿ, ಮುಂಬ್ರಾ ಬೈಪಾಸ್, ಖಾರೆಗಾಂವ್ ದಾಟಿ ಇಲ್ಲಿಗೆ ಬಂದು, ಘೋಡ್‌ಬಂದರ್ ರಸ್ತೆಗೆ ತಿರುಗಿ ಗುಜರಾತಿನ ದಾರಿ ಹಿಡಿಯುತ್ತವೆ. ಇನ್ನು ಕೆಲವು ಭಿವಂಡಿಯ ಗೋದಾಮುಗಳಲ್ಲೇ ಬಾಗಿಲು ತೆರೆಯುತ್ತವೆ. ಹಿಂದೆ ಇಲ್ಲಿ ಆಗ್ರಿ ಸಮುದಾಯದವರ ಗದ್ದೆ, ಆಮೇಲೆ ಬಣ್ಣದ, ರಾಸಾಯನಿಕದ ಕಾರ್ಖಾನೆಗಳು. ಗೋಲ್ಡನ್ ಡೈಸ್ ನಾಕಾ ಎಂಬ ಹೆಸರು ಮಾತ್ರ ಆ ಕಾಲದ ಗುರುತಾಗಿ ಬಸ್ ಕಂಡಕ್ಟರುಗಳ ಬಾಯಲ್ಲಿ ಉಳಿದಿದೆ. ಈಗ ನಾಲ್ಕೂ ದಿಕ್ಕಿಗೆ ಟವರುಗಳು. ಟವರುಗಳ ಜಾಹೀರಾತಿನಲ್ಲಿ ಇಟಾಲಿಯನ್ ಮಾರ್ಬಲ್ ಇಲ್ಲದ ಫ್ಲೋರಿಂಗ್ ಕಾಣಸಿಗುವುದು ಅಪರೂಪ. ಡೊಂಬಿವಲಿಯ ಆಚೆ ಪಲಾವಾದಲ್ಲಂತೂ ವಠಾರಗಳಿಗೇ ‘ಕಾಸಾ ಬೆಲ್ಲಾ’, ‘ಕಾಸಾ ರಿಯೊ’ ಎಂದು ಹೆಸರಿಟ್ಟಿದ್ದಾರೆ. ಇಟಲಿ ಎಂದರೆ ನಮ್ಮ ಈ ಕಡೆಯವರಿಗೆ ಒಂದು ದೇಶವಾಗಿ ಉಳಿದಿಲ್ಲ, ಚದರಡಿಗೆ ಇಷ್ಟು ಎಂದು ಸೇರಿಸುವ ಒಂದು ದರವಾಗಿದೆ.

ಅಂಥ ಒಂದು ಟವರಿನಲ್ಲಿ ಹೊಸದಾಗಿ ಮನೆ ಮಾಡಿದ, ಕಾರ್ಕಳ ಕಡೆಯ ನಮ್ಮ ಪೈಕಿಯ ಹುಡುಗನೊಬ್ಬ ಈಚೆಗೆ ಫೋನಿಗೆ ಫೋಟೊ ಕಳಿಸಿದ. ನಾಲ್ಕಡಿ ಉದ್ದದ ಮರದ ಬೆಂಚು. ಕೂರುವಲ್ಲಿ ಸಂದು ಬಿಟ್ಟು ಜೋಡಿಸಿದ ಪಟ್ಟಿಗಳು, ಕೆಳಗೆ ಹೋಗುತ್ತ ಸಪೂರವಾಗುವ ಕಾಲು, ಕಾಲಿನ ತುದಿಗೆ ಹಿತ್ತಾಳೆಯ ಟೊಪ್ಪಿ. ಅಡಿಬರಹ: ‘ವಿಂಟೇಜ್ ಇಟಾಲಿಯನ್ ಡಿಸೈನರ್ ವುಡನ್ ಬೆಂಚ್’. ಬೆಲೆ ಎರಡು ಲಕ್ಷಕ್ಕೆ ತುಸು ಕಡಿಮೆ. ಮಾರುವವರು ಇಲ್ಲೇ ಹತ್ತಿರದವರು. “ಮಾಮ, ತಗೊಳ್ಳಬಹುದಾ? ಶೂ ಹಾಕುವಾಗ ಕೂರಲಿಕ್ಕೆ” ಎಂದು ಕೇಳಿದ್ದ.

ಶೂ ಹಾಕುವಾಗ ಕೂರುವ ಜಾಗಕ್ಕೆ ಎರಡು ಲಕ್ಷವೇ ಎಂದು ಗದರಿ ಸುಮ್ಮನಾಗಬಹುದಿತ್ತು. ಆದರೆ ಮಾಟುಂಗಾದಿಂದ ಥಾಣೆಯ ತನಕ ಹೊಟೇಲು ಬೆಂಚುಗಳ ಮೇಲೆಯೇ ಬೆಳೆದ ಪೀಳಿಗೆಯವರು ನಾವು. ಬೆಂಚಿಗೂ ವಂಶಾವಳಿ ಹೇಳುವ ಕಾಲ ಬಂದಿದೆ ಎಂದಾದರೆ ಅದನ್ನು ಕೂಲಂಕಷವಾಗಿ ನೋಡಿಬಿಡೋಣ ಅನ್ನಿಸಿತು.

ಮೊದಲ ಪ್ರಶ್ನೆ ದಾರಿಯದು. ಇಟಲಿಯಲ್ಲಿ ಹುಟ್ಟಿದ ಹಳೇ ಬೆಂಚು ಥಾಣೆಗೆ ಹೇಗೆ ಬಂದೀತು? ನಮ್ಮ ವಿದೇಶ ವ್ಯಾಪಾರ ನೀತಿಯಲ್ಲಿ ಕಾರ್ಖಾನೆ ಯಂತ್ರಗಳಂಥ ಬಂಡವಾಳ ಸರಕಿಗೆ ಸೇರದ ಸೆಕೆಂಡ್ ಹ್ಯಾಂಡ್ ಸಾಮಾನು ನಿರ್ಬಂಧಿತ ಪಟ್ಟಿಯಲ್ಲಿದೆ. ಸರ್ಕಾರದ ಅನುಮತಿಪತ್ರ ಇಲ್ಲದೆ ಯಾರೋ ಕೂತೆದ್ದ ಬೆಂಚನ್ನು ವ್ಯಾಪಾರಕ್ಕೆಂದು ಹಡಗಿಗೆ ಹಾಕುವಂತಿಲ್ಲ. ವಿದೇಶದಲ್ಲಿ ವರ್ಷಗಟ್ಟಲೆ ಇದ್ದು ಊರಿಗೆ ಮರಳುವವರು ತಮ್ಮ ಮನೆಸಾಮಾನಿನ ಜತೆ ತರಬಹುದು, ಅಷ್ಟೇ. ಹಾಗಾಗಿ ಹಳೇ ಇಟಾಲಿಯನ್ ಸಾಮಾನು ಎಂದು ಯಾರಾದರೂ ಹೇಳಿದರೆ ಮರ ಮುಟ್ಟಿ ನೋಡುವುದಕ್ಕೆ ಮೊದಲು ಕಸ್ಟಮ್ಸ್ ಕಾಗದ ಕೇಳಬೇಕು. ಇಂಥ ಮಾರಾಟದಲ್ಲಿ ಕಾಗದದ ಮಾತೆತ್ತಿದ ಕೂಡಲೇ ದನಿ ಇಳಿಯುತ್ತದೆ.

ಇನ್ನೊಂದು ದಾರಿಯೂ ಉಂಟು. ಗುಜರಾತಿನ ಅಲಂಗ್‌ನಲ್ಲಿ 1983ರಿಂದ ಹಳೇ ಹಡಗುಗಳನ್ನು ಒಡೆಯುತ್ತಾರೆ. ದಡದಲ್ಲಿ ಬಿಚ್ಚಿದ ಕಬ್ಬಿಣ ಕರಗಿಸಲು ಹೋಗುತ್ತದೆ. ಒಳಗಿನ ಸೋಫಾ, ಮೇಜು, ಬೆಂಚು, ಕನ್ನಡಿ, ಪಿಂಗಾಣಿ ಎಲ್ಲವೂ ರಸ್ತೆ ಬದಿಯ ಅಂಗಡಿಗಳಿಗೆ ಬಂದು ಬೀಳುತ್ತವೆ. ಮುಂಬೈಯ ಹಳೇ ಪೀಠೋಪಕರಣ ವ್ಯಾಪಾರಿಗಳಿಗೆ ಅದು ಪರಿಚಿತ ಸಂತೆ. 2019ರಲ್ಲಿ ಮುಂಬೈಯಿಂದ ಪ್ರವಾಸಿಗರನ್ನು ಒಯ್ಯುತ್ತಿದ್ದ ‘ಕರ್ಣಿಕಾ’ ಎಂಬ ವಿಹಾರ ಹಡಗು ನೆನಪಿರಬಹುದು. ಅದು 1990ರಲ್ಲಿ ಇಟಲಿಯ ಮೊನ್‌ಫಾಲ್ಕೊನೆಯಲ್ಲಿ ಕಟ್ಟಿದ್ದು. ಅದರ ಹೊರ ಆಕಾರಕ್ಕೆ ರೇಖೆ ಎಳೆದವರು ಜಗತ್ಪ್ರಸಿದ್ಧ ವಾಸ್ತುಶಿಲ್ಪಿ ರೆಂಜೊ ಪಿಯಾನೊ. ಕೋವಿಡ್ ಬಂತು, ಕಂಪನಿ ಮುಳುಗಿತು, 2020ರ ಕೊನೆಗೆ ಆ ಹಡಗೂ ಅಲಂಗ್‌ನ ಮರಳಿಗೆ ಏರಿತು. ಇಟಲಿಯ ಡಿಸೈನು ನಮ್ಮ ಕಡೆಗೆ ಟನ್‌ಗಟ್ಟಲೆ ಬಂದದ್ದು ಹೌದು, ಗುಜರಿಯಾಗಿ.

ಇಟಲಿಗೂ ಥಾಣೆಗೂ ನಂಟು ಏಳುನೂರು ವರ್ಷದ್ದು ಎಂಬುದನ್ನು ಇಲ್ಲಿನ ಎಷ್ಟೋ ಮಂದಿ ಕೇಳಿಲ್ಲ. 1321ರಲ್ಲಿ ಥಾಣೆಯಲ್ಲಿ ನಾಲ್ವರು ಫ್ರಾನ್ಸಿಸ್ಕನ್ ಸನ್ಯಾಸಿಗಳ ಕೊಲೆಯಾಯಿತು. ಅವರಲ್ಲಿ ಮೂವರು ಇಟಲಿಯವರು: ತೊಲೆಂತೀನೊ, ಪಾದುವಾ, ಸಿಯೆನಾ ಊರುಗಳಿಂದ ಬಂದವರು. ಸ್ವಲ್ಪ ಕಾಲದಲ್ಲೇ ಪೋರ್ದೆನೋನೆ ಎಂಬ ಊರಿನ ಒದೊರಿಕೊ ಎಂಬ ಸನ್ಯಾಸಿ ಇಲ್ಲಿಗೆ ಬಂದು, ಅವರ ಅಸ್ಥಿ ಆಯ್ದುಕೊಂಡು, ಹಡಗಿನಲ್ಲಿ ಚೀನಾದ ತನಕ ಹೊತ್ತುಕೊಂಡು ಹೋದ. ಥಾಣೆಯ ಬಗ್ಗೆ ಯುರೋಪಿಗೆ ಸಿಕ್ಕ ಹಳೆಯ ವರ್ಣನೆಗಳಲ್ಲಿ ಅವನದೂ ಒಂದು.

ಪೋರ್ದೆನೋನೆಯ ಹೆಸರು ತೆಗೆದದ್ದು ಸುಮ್ಮನೆ ಅಲ್ಲ. ಅದೇ ಊರಿನ ಸೀಮೆಯ ಒಂದು ಹಳ್ಳಿಯಲ್ಲಿ 1915ರಲ್ಲಿ ಹ್ಯಾರಿ ಬರ್ತೋಯಾ ಹುಟ್ಟಿದರು. ಹುಡುಗನಿದ್ದಾಗಲೇ ಅಮೆರಿಕಕ್ಕೆ ಹೋದರು. 1952ರ ಸುಮಾರಿಗೆ ನೋಲ್ ಎಂಬ ಅಮೆರಿಕನ್ ಕಂಪನಿಗಾಗಿ ಮರದ ಪಟ್ಟಿಗಳನ್ನು ಸಂದು ಬಿಟ್ಟು ಜೋಡಿಸಿ, ಕೆಳಗೆ ಕಬ್ಬಿಣದ ಸರಳಿನ ಕಾಲು ಕೊಟ್ಟ ಬೆಂಚು ಬಿಡಿಸಿದರು. ಅದಕ್ಕೂ ಮೊದಲೇ, 1946ರಲ್ಲಿ, ಜಾರ್ಜ್ ನೆಲ್ಸನ್ ಎಂಬ ಅಮೆರಿಕನ್ ಹರ್ಮನ್ ಮಿಲ್ಲರ್ ಕಂಪನಿಗೆ ಪಟ್ಟಿ ಬೆಂಚು ಮಾಡಿಕೊಟ್ಟಿದ್ದ. ಇವೆರಡನ್ನೂ ಲೋಕವೆಲ್ಲ ನಕಲು ಮಾಡಿತು. ಈಗ ಪಟ್ಟಿ ಇರುವ, ಕಾಲು ಸಪೂರ ಇರುವ ಯಾವುದೇ ಬೆಂಚಿಗೂ ಮಾರುವವರು ತಮಗೆ ತೋಚಿದ ದೇಶದ ಹೆಸರು ಅಂಟಿಸುತ್ತಾರೆ. ಡೆನ್ಮಾರ್ಕ್‌ಗೆ ಬೇಡಿಕೆ ಇದ್ದಾಗ ಡ್ಯಾನಿಶ್, ಇಟಲಿಗೆ ಇದ್ದಾಗ ಇಟಾಲಿಯನ್. ನಮ್ಮ ಹುಡುಗನಿಗೆ ಬಂದ ಫೋಟೊದ ಬೆಂಚಿನಲ್ಲಿ ಅಮೆರಿಕದ ಮೈಗೆ ಇಟಲಿಯ ಕಾಲು ಇತ್ತು.

ಆ ಕಾಲಿನ ರೂಪ ಮಾತ್ರ ಅಪ್ಪಟ ಮಿಲಾನಿನ ಕಡೆಯದು. ಮಿಲಾನಿನ ಉತ್ತರಕ್ಕೆ ಬ್ರಿಯಾಂಝಾ ಎಂಬ ಸೀಮೆ ಇದೆ. ಕಾಂತು, ಮೇದಾ, ಲಿಸ್ಸೋನೆ ಇಂಥ ಊರುಗಳಲ್ಲಿ ಮನೆಮನೆಯೂ ಬಡಗಿಯ ಅಂಗಡಿ. ಒಬ್ಬ ಕಾಲು ಕಡೆದರೆ ಪಕ್ಕದ ಮನೆಯವ ಬೆತ್ತ ಹೆಣೆಯುತ್ತಿದ್ದ, ಅದರಾಚೆಯವ ಪಾಲಿಶ್ ಹೊಡೆಯುತ್ತಿದ್ದ. 1927ರಲ್ಲಿ ಮೇದಾದಲ್ಲಿ ಚೇಸರೆ, ಉಂಬೆರ್ತೊ ಎಂಬ ಅಣ್ಣತಮ್ಮಂದಿರು ಶುರು ಮಾಡಿದ ಕಸ್ಸೀನಾ ಕಂಪನಿಯೂ ಹೀಗೆಯೇ ಬೆಳೆದದ್ದು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅವರಿಗೆ ದೊಡ್ಡ ಕೆಲಸ ಕೊಟ್ಟದ್ದು ಪ್ರಯಾಣಿಕ ಹಡಗುಗಳು. ಹಡಗಿನ ಒಳಾಂಗಣ ಬಿಡಿಸಿದವರಲ್ಲಿ ಜಿಯೊ ಪೊಂಟಿ ಪ್ರಮುಖರು. 1928ರಲ್ಲಿ ‘ದೋಮುಸ್’ ಪತ್ರಿಕೆ ಶುರು ಮಾಡಿದ ವಾಸ್ತುಶಿಲ್ಪಿ. ಹಡಗಿನ ಕೋಣೆಗೆ ಹಗುರ, ಗಟ್ಟಿ, ಸಣ್ಣ ಜಾಗದಲ್ಲಿ ಹಿಡಿಯುವ ಸಾಮಾನು ಬೇಕು. ಆ ಶಿಸ್ತೇ ಮುಂದೆ ಮಿಲಾನಿನ ಮನೆಗಳಿಗೂ ಬಂತು.

ಅದರ ಪರಾಕಾಷ್ಠೆ 1957ರ ‘ಸೂಪರ್‌ಲೆಜೇರಾ’ ಕುರ್ಚಿ. ತೂಕ 1.7 ಕಿಲೊ. ಸಣ್ಣ ಹುಡುಗನೊಬ್ಬ ಒಂದೇ ಬೆರಳಿನಿಂದ ಅದನ್ನೆತ್ತಿ ಹಿಡಿದ ಜಾಹೀರಾತು ಬಹಳ ಪ್ರಸಿದ್ಧ. ಪೊಂಟಿ ಅದನ್ನು ಗಾಳಿಯಿಂದ ಹಿಡಿದು ತಂದದ್ದಲ್ಲ. ಜಿನೋವಾ ಬಳಿಯ ಕಿಯಾವರಿ ಎಂಬ ಕಡಲತೀರದ ಊರಿನಲ್ಲಿ 1807ರಲ್ಲಿ ದೆಸ್ಕಾಲ್ಸಿ ಎಂಬ ಬಡಗಿ ಒಂದು ಹಗುರ ಕುರ್ಚಿ ಮಾಡಿದ್ದ. ಪೊಂಟಿ ತಿದ್ದಿ ತಿದ್ದಿ ಸಪೂರ ಮಾಡಿದ್ದು ಅದನ್ನೇ. ಇಲ್ಲೊಂದು ತಮಾಷೆ ಇದೆ. ಥಾಣೆಯ ಲಗ್ನದ ಹಾಲುಗಳಲ್ಲಿ ಬಂಗಾರ ಬಣ್ಣದ, ಬೆನ್ನಿಗೆ ಉದ್ದ ಸರಳು ಇರುವ ಕುರ್ಚಿಗಳನ್ನು ಸಾಲಾಗಿ ಇಟ್ಟಿರುತ್ತಾರಲ್ಲ, ಡೆಕೋರೇಟರುಗಳು ‘ಟಿಫನಿ ಚೇರ್’ ಎನ್ನುವವು, ಅವು ಇದೇ ಕಿಯಾವರಿಯ ಮೊಮ್ಮಕ್ಕಳು. ಮರ ಹೋಗಿ ಪ್ಲಾಸ್ಟಿಕ್ಕೋ ಲೋಹವೋ ಬಂದಿದೆ. ಎರಡು ಶತಮಾನ ಹಿಂದಿನ ಇಟಲಿಯ ಬಡಗಿಯ ಆಕಾರದ ಮೇಲೆ ಕೂತು ನಾವು ಜಿಲೇಬಿ ತಿಂದು ಬರುತ್ತೇವೆ. ಯಾರಿಗೂ ಲಕ್ಷ ಕೊಡಬೇಕೆಂದು ಅನಿಸುವುದಿಲ್ಲ.

ಇಟಲಿಯಲ್ಲಿ 1954ರಲ್ಲಿ ಡಿಸೈನಿಗೆಂದೇ ‘ಕೊಂಪಾಸ್ಸೊ ದೋರೊ’ ಪ್ರಶಸ್ತಿ, 1961ರಲ್ಲಿ ಮಿಲಾನಿನ ಪೀಠೋಪಕರಣ ಮೇಳ ಶುರುವಾದವು. ಬಿಡಿಸಿದವರ ಹೆಸರು ಮುಂದೆ ಬಂತು, ಮಾಡಿದವರ ಹೆಸರು ಹಿಂದೆ ಸರಿಯಿತು. ಬ್ರಿಯಾಂಝಾದ ಸಾವಿರಾರು ಮನೆಗಳಲ್ಲಿ ಆ ಕಾಲದಲ್ಲಿ ಆದ ಬೆಂಚು, ಕುರ್ಚಿಗಳಿಗೆ ಸಹಿ ಇಲ್ಲ. ಪೊಂಟಿಯದ್ದೆಂದು ಸಾಬೀತಾಗಬೇಕಾದರೆ ಮಿಲಾನಿನ ಜಿಯೊ ಪೊಂಟಿ ಆರ್ಕೈವ್ಸ್ ಪ್ರಮಾಣಪತ್ರ ಕೊಡಬೇಕು. ಅದಿಲ್ಲದಾಗ ಹರಾಜು ಪಟ್ಟಿಗಳು ‘ಇಂಥವರದ್ದೆನ್ನಲಾದ’, ‘ಇಂಥವರ ಶೈಲಿಯ’ ಎಂದು ಬರೆದು ಪಾರಾಗುತ್ತವೆ. ಮಾಜಿವಾಡಾ ತನಕ ಬರುವಾಗ ಆ ‘ಎನ್ನಲಾದ’ ಎಲ್ಲೋ ದಾರಿಯಲ್ಲಿ ಉದುರಿ ಬಿದ್ದಿರುತ್ತದೆ.

ಮರದ ವಿಷಯಕ್ಕೆ ಬಂದರೆ ಕಥೆ ನಮ್ಮ ಘಟ್ಟಕ್ಕೇ ಹತ್ತುತ್ತದೆ. ಐವತ್ತು, ಅರವತ್ತರ ದಶಕದ ಇಟಾಲಿಯನ್ ಸಾಮಾನಿನಲ್ಲಿ ಆಕ್ರೋಟ, ಬೀಚ್, ಆ್ಯಶ್ ಮರಗಳ ಜತೆ ರೋಸ್‌ವುಡ್ ಬಹಳ. ಅದರಲ್ಲಿ ಬ್ರೆಜಿಲ್‌ನದೂ ಇತ್ತು, ಇಂಡಿಯಾದ್ದೂ ಇತ್ತು. ಇಂಡಿಯಾದ್ದು ಎಂದರೆ ನಮ್ಮ ಬೀಟೆ. ಯುರೋಪಿಗೆ ಬೀಟೆಯ ಪರಿಚಯ ಆಗಲೇ ಹಳತಾಗಿತ್ತು. ಹತ್ತೊಂಬತ್ತನೇ ಶತಮಾನದಲ್ಲಿ ಪಶ್ಚಿಮ ಘಟ್ಟದ ಬೀಟೆ ಮುಂಬೈ ಸೇರಿ, ಅಲ್ಲಿನ ಮೆಡೋಸ್ ಸ್ಟ್ರೀಟ್ ಸುತ್ತಿನ ಅಂಗಡಿಗಳಲ್ಲಿ ಬಳ್ಳಿ, ಎಲೆ, ಪ್ರಾಣಿಗಳ ಕೆತ್ತನೆ ತುಂಬಿಸಿಕೊಂಡು, ‘ಬಾಂಬೆ ಬ್ಲಾಕ್‌ವುಡ್’ ಎಂಬ ಹೆಸರಲ್ಲಿ ಲಂಡನ್ನಿನ ಬಂಗಲೆಗಳಿಗೆ ಹೋಗುತ್ತಿತ್ತು. 2017ರ ಜನವರಿಯಿಂದ ಬೀಟೆಯ ಇಡೀ ಕುಲವೇ ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದವಾದ ಸೈಟಿಸ್‌ನ ಎರಡನೇ ಅನುಬಂಧಕ್ಕೆ ಸೇರಿದೆ. ಬ್ರೆಜಿಲ್‌ನ ಬೀಟೆ 1992ರಿಂದಲೇ ಮೊದಲನೇ ಅನುಬಂಧದಲ್ಲಿದೆ. ಅದರಿಂದ ಮಾಡಿದ ಹಳೇ ಬೆಂಚನ್ನು ಗಡಿ ದಾಟಿಸಲು ಕಾಗದದ ಮೇಲೆ ಕಾಗದ ಬೇಕು. ಚಿಕ್ಕಮಗಳೂರಿನ ಕಾಡಿನ ಮರ ಮಿಲಾನಿಗೆ ಹೋಗಿ ಬೆಂಚಾಗಿ, ಎಪ್ಪತ್ತು ವರ್ಷದ ಮೇಲೆ ಘೋಡ್‌ಬಂದರ್ ರಸ್ತೆಗೆ ‘ಇಟಾಲಿಯನ್’ ಆಗಿ ಬಂದರೆ ನಾವು ಅದಕ್ಕೆ ಸುಂಕವನ್ನೂ ಕಟ್ಟಬೇಕು.

ಇಟಲಿಯ ಕೈ ಕನ್ನಡ ಕರಾವಳಿಗೆ ಬಂದದ್ದು ಬೇರೆ ರೂಪದಲ್ಲಿ. ವೆನಿಸ್ ಪ್ರಾಂತದ ಜೆಸ್ವಿಟ್ ಪಾದ್ರಿಗಳು 1878ರ ಡಿಸೆಂಬರ್ ಕೊನೆಗೆ ಮಂಗಳೂರಿಗೆ ಬಂದಿಳಿದರು. 1880ರಲ್ಲಿ ಸೇಂಟ್ ಅಲೋಶಿಯಸ್ ಕಾಲೇಜು ತೆರೆದರು. ಬೆರ್ಗಮೊ ಕಡೆಯ ಆಂತೋನಿಯೊ ಮೊಸ್ಕೇನಿ 1899ರಿಂದ 1901ರ ತನಕ ಅದರ ಪ್ರಾರ್ಥನಾ ಮಂದಿರದ ಗೋಡೆ, ಮಾಡುಗಳನ್ನೆಲ್ಲ ಚಿತ್ರದಿಂದ ತುಂಬಿದರು. ಜೆಪ್ಪುವಿನ ಸೇಂಟ್ ಜೋಸೆಫ್ ಆಶ್ರಮದ ವರ್ಕ್‌ಶಾಪಿನಲ್ಲಿ ಅನಾಥ ಹುಡುಗರು ಬಡಗಿ ಕೆಲಸ, ಕಮ್ಮಾರಿಕೆ ಕಲಿತರು. ಇಗರ್ಜಿಗಳಿಗೆ ಪೀಠ, ಪ್ರತಿಮೆ ಅಲ್ಲಿಂದ ಹೋದವು. ಮೊಸ್ಕೇನಿಯ ಚಿತ್ರ ನೋಡಲು ಬಸ್ಸುಗಟ್ಟಲೆ ಜನ ಬರುತ್ತಾರೆ. ಜೆಪ್ಪುವಿನಲ್ಲಿ ಉಳಿ ಹಿಡಿದವರ ಕೆಲಸಕ್ಕೆ ಆ ಭಾಗ್ಯ ಇಲ್ಲ.

ಆ ಕರಾವಳಿಯಿಂದ ಮುಂಬೈಗೆ ಓಡಿ ಬಂದ ಹುಡುಗರಿಗೆ ಬೆಂಚು ಎಂದರೆ ಬೇರೆಯದೇ ವಸ್ತು. ಹಗಲು ಗಿರಾಕಿ ಕೂರುವ ಬೆಂಚೇ ರಾತ್ರಿ ಹಾಸಿಗೆ. ಮಾಟುಂಗಾದಲ್ಲಿ ಎ. ರಾಮ ನಾಯಕರು 1942ರಲ್ಲಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದ ಕಾಲದಿಂದ ಮೊನ್ನೆ ಮೊನ್ನೆಯ ತನಕ ಎಷ್ಟೋ ಹೊಟೇಲುಗಳಲ್ಲಿ ಇದೇ ಪದ್ಧತಿ. ಶಟರ್ ಎಳೆದ ಮೇಲೆ ಎರಡು ಬೆಂಚು ಜೋಡಿಸಿ ಮಲಗುವುದು, ಜೋಡಿಸಿದ ಸಂದಿನಲ್ಲಿ ಬೆನ್ನು ಸಿಕ್ಕಿಕೊಳ್ಳದಂತೆ ಓರೆಯಾಗುವುದು. ಅದಕ್ಕೆ ಮೊದಲು ರಾತ್ರಿ ಶಾಲೆಯ ಬೆಂಚು. ಫೋರ್ಟಿನಲ್ಲಿ ಮೊಗವೀರರ ರಾತ್ರಿ ಶಾಲೆಯಂಥವು ಇಲ್ಲದಿದ್ದರೆ ಲೋಟ ತೊಳೆಯುವ ಹುಡುಗರಲ್ಲಿ ಎಷ್ಟೋ ಮಂದಿ ವಕೀಲರಾಗುತ್ತಿರಲಿಲ್ಲ, ಬ್ಯಾಂಕು ಸೇರುತ್ತಿರಲಿಲ್ಲ. ಥಾಣೆಯಲ್ಲಿ ನವೋದಯ ಕನ್ನಡ ಸೇವಾ ಸಂಘದ ಶಾಲೆ, ಡೊಂಬಿವಲಿಯಲ್ಲಿ ಮಂಜುನಾಥ ವಿದ್ಯಾಲಯ ಬಂದದ್ದು ಈ ಜನ ಸಂಸಾರಸಮೇತ ಲೋಕಲ್ ರೈಲಿನ ಹಳಿ ಹಿಡಿದು ಉತ್ತರಕ್ಕೆ ಸರಿದ ಮೇಲೆ. ಆ ಬೆಂಚುಗಳಿಗೆ ಡಿಸೈನರ್ ಯಾರು ಎಂದು ಕೇಳಿದರೆ, ಐದು ಜನ ಕೂರುವಲ್ಲಿ ಆರು ಜನರನ್ನು ಕೂರಿಸಿದ ಮೇಷ್ಟ್ರ ಹೆಸರು ಹೇಳಬೇಕು.

ಮುಂಬೈಯಲ್ಲಿ ನಿಜವಾಗಿ ವಿಂಟೇಜ್ ಎನ್ನಬಹುದಾದ ಯುರೋಪಿನ ಮರದ ಸಾಮಾನು ಯಾವುದು ಎಂದರೆ ಇರಾನಿ ಹೊಟೇಲಿನ ಬಾಗಿದ ಕೋಲಿನ ಕುರ್ಚಿ. ವಿಯೆನ್ನಾದ ಥೋನೆಟ್ 1859ರಲ್ಲಿ ಬೀಚ್ ಮರವನ್ನು ಆವಿಯಲ್ಲಿ ಬಗ್ಗಿಸಿ ಮಾಡಿದ ಜಾತಿ ಅದು. ಇರಾನಿಗಳು ಒಬ್ಬೊಬ್ಬರೇ ಬಾಗಿಲು ಹಾಕಿದಾಗ ಜಾಗ ತೆಗೆದುಕೊಂಡವರಲ್ಲಿ ನಮ್ಮವರೂ ಇದ್ದರು. ಆಗ ಆ ಕುರ್ಚಿಗಳನ್ನು ಬಂದ ಬೆಲೆಗೆ ಚೋರ್ ಬಝಾರಿನ ಮಟನ್ ಸ್ಟ್ರೀಟಿಗೆ ಕೊಟ್ಟು, ಸನ್‌ಮೈಕಾ ಹಚ್ಚಿದ ಪ್ಲೈವುಡ್ ಟೇಬಲ್ ಹಾಕಿಸಿದೆವು. ಒರೆಸಲು ಸುಲಭ ಎಂಬುದು ಕಾರಣ. ಈಗ ಅವೇ ಕುರ್ಚಿಗಳು ಬಾಂದ್ರಾದ ಕಾಫಿ ಅಂಗಡಿಗಳಲ್ಲಿ ಮೆರೆಯುತ್ತಿವೆ.

ಇದೇ ತಪ್ಪು ಸರ್ಕಾರಿ ಮಟ್ಟದಲ್ಲಿ ಆದದ್ದು ಚಂಡೀಗಢದಲ್ಲಿ. ಲ ಕೊರ್ಬುಸಿಯೆ ನಗರ ಕಟ್ಟುವಾಗ ಅವರ ಸೋದರ ಸಂಬಂಧಿ ಪಿಯೆರ್ ಝಾನರೆ ಅಲ್ಲೇ ವರ್ಷಗಟ್ಟಲೆ ಉಳಿದು ಕಚೇರಿ, ಕಾಲೇಜು, ಕೋರ್ಟುಗಳಿಗೆ ತೇಗದ ಕುರ್ಚಿ, ಮೇಜು, ಬೆಂಚು ಮಾಡಿಸಿದರು. ಅಲ್ಲಿನ ಬಡಗಿಗಳ ಕೆಲಸ, ಬೆತ್ತದ ಹೆಣಿಗೆ. ಕಾಲು ಮುರಿದದ್ದನ್ನು ಇಲಾಖೆಗಳು ಗುಜರಿಯಾಗಿ ಹರಾಜು ಹಾಕಿದವು. ಯುರೋಪಿನ ವ್ಯಾಪಾರಿಗಳು ಬಂದು ಲಾರಿಗಟ್ಟಲೆ ಕೊಂಡು, ರಿಪೇರಿ ಮಾಡಿಸಿ, ಪ್ಯಾರಿಸ್, ಲಂಡನ್, ನ್ಯೂಯಾರ್ಕಿನಲ್ಲಿ ಲಕ್ಷಗಟ್ಟಲೆಗೆ ಮಾರಿದರು. ತಡೆಯೋಣವೆಂದರೆ ಕಾನೂನು ಕೈಗೆ ಸಿಗಲಿಲ್ಲ. 1972ರ ಪುರಾತನ ವಸ್ತುಗಳ ಕಾಯಿದೆಗೆ ನೂರು ವರ್ಷ ತುಂಬಿದ ವಸ್ತು ಬೇಕು. ಈ ಬೆಂಚುಗಳಿಗೆ ಐವತ್ತೂ ಕಷ್ಟ. ಕೊನೆಗೆ 2011ರಲ್ಲಿ ಕೇಂದ್ರ ಗೃಹ ಇಲಾಖೆ ಅವನ್ನು ಮಾರಬಾರದು, ಹೊರಗೆ ಕಳಿಸಬಾರದು ಎಂದು ಆದೇಶ ಮಾಡಿತು. ಅಷ್ಟರಲ್ಲಿ ಹೋಗುವುದೆಲ್ಲ ಹೋಗಿತ್ತು. 2019ರಲ್ಲಿ ಮೇದಾದ ಅದೇ ಕಸ್ಸೀನಾ ಕಂಪನಿ ಝಾನರೆಗೆ ಗೌರವ ಎಂಬ ಹೆಸರಿನಲ್ಲಿ ಚಂಡೀಗಢದ ಕುರ್ಚಿಗಳನ್ನು ಇಟಲಿಯಲ್ಲಿ ಮಾಡಿ ಮಾರತೊಡಗಿತು. ಹಾಗಾದರೆ ಮುಂದೆ ಐವತ್ತು ವರ್ಷ ಕಳೆದ ಮೇಲೆ ಆ ಕುರ್ಚಿಯನ್ನು ‘ವಿಂಟೇಜ್ ಇಟಾಲಿಯನ್’ ಎಂದರೆ ಯಾರೂ ಸುಳ್ಳು ಎನ್ನುವಂತಿಲ್ಲ.

ಬೆಂಗಳೂರಿನಲ್ಲಿ ಇದಕ್ಕೆ ಎದುರು ದಿಕ್ಕಿನ ಕೆಲಸ ನಡೆದಿದೆ. ಫ್ಯಾಂಟಮ್ ಹ್ಯಾಂಡ್ಸ್ ಎಂಬ ಕಾರ್ಯಾಗಾರ ಚಂಡೀಗಢದ ಆ ಸಾಮಾನುಗಳನ್ನು ತೇಗದಲ್ಲಿ, ಕೈಕೆಲಸದಲ್ಲಿ ಹೊಸದಾಗಿ ಮಾಡಿ ಹೊರದೇಶಗಳಿಗೆ ಕಳಿಸುತ್ತದೆ. ಮಿಲಾನಿನಲ್ಲಿ ನೆಲೆಸಿದ ಇನೊದಾ ಮತ್ತು ಸ್ವೇಯೆ ಎಂಬ ಜಪಾನ್–ಡೆನ್ಮಾರ್ಕ್ ಜೋಡಿ ಅವರಿಗೆ ಬಿಡಿಸಿಕೊಟ್ಟ ಆಸನಗಳ ಸಾಲಿನ ಹೆಸರು ‘ಮುಂಗಾರು’. ಮಿಲಾನಿನ ರೇಖೆ, ಕರ್ನಾಟಕದ ಕಾರ್ಯಾಗಾರ. ಮಾಡಿದವರು ಎಲ್ಲಿಯವರು ಎಂದು ಹೇಳಿ ಮಾರುವ ವ್ಯಾಪಾರ ಇದು. ಬೆಲೆ ಹೆಚ್ಚಾದರೂ ನನಗೆ ತಕರಾರಿಲ್ಲ.

ನಮ್ಮ ಹುಡುಗನ ಬೆಂಚನ್ನು ನೋಡಲು ಬಾಳ್ಕುಮ್ ಕಡೆಯ ಒಬ್ಬ ಮಿಸ್ತ್ರಿಯನ್ನು ಕರೆದುಕೊಂಡು ಹೋದೆವು. ಉತ್ತರ ಪ್ರದೇಶದವರು, ಮೂವತ್ತು ವರ್ಷದಿಂದ ಥಾಣೆಯಲ್ಲಿ ಉಳಿ ಹಿಡಿದವರು. ಬೆಂಚಿನ ಮೇಲೆ ಅವರು ಕೂರಲಿಲ್ಲ. ಕೈಯಿಂದ ಸವರಲಿಲ್ಲ. ಮಗುಚಿ ಹಾಕಿದರು. ಹಳೇ ಸಾಮಾನಿನ ಹೊಟ್ಟೆ ನೋಡಬೇಕು ಎಂದರು. ಮೇಲ್ಭಾಗಕ್ಕೆ ಬೆಳಕು, ಬಟ್ಟೆ, ಬೆವರು ತಾಗಿ ಒಂದು ಬಣ್ಣ ಬಂದಿರುತ್ತದೆ. ಅಡಿಭಾಗ ಪಾಲಿಶ್ ಕಾಣದೆ ಒಣಗಿ ಬೇರೆ ಬಣ್ಣಕ್ಕೆ ಹೋಗಿರುತ್ತದೆ. ಇದರಲ್ಲಿ ಮೇಲೂ ಕೆಳಗೂ ಒಂದೇ ಬಣ್ಣ. ಜೇಬಿನಿಂದ ಸಣ್ಣ ಅಯಸ್ಕಾಂತ ತೆಗೆದು ಕಾಲಿನ ಹಿತ್ತಾಳೆ ಟೊಪ್ಪಿಗೆ ಹಿಡಿದರು. ಟಕ್ಕನೆ ಅಂಟಿತು. ಹಿತ್ತಾಳೆಗೆ ಅಯಸ್ಕಾಂತ ಅಂಟುವುದಿಲ್ಲ. ಒಳಗೆ ಕಬ್ಬಿಣ, ಮೇಲೆ ಹೊಳಪು. ಆಮೇಲೆ ಪಾಲಿಶ್ ಪೇಪರಿನ ತುಂಡಿನಿಂದ ಒಳಮೂಲೆಯನ್ನು ಬೆರಳಗಲ ಉಜ್ಜಿದರು. ಕಡು ಬಣ್ಣದ ಕೆಳಗೆ ತಿಳಿ ಗುಲಾಬಿ ಮರ ಕಾಣಿಸಿತು. ಅದರ ಮೇಲೆ ಎಳ್ಳು ಚೆಲ್ಲಿದ ಹಾಗೆ ಸಣ್ಣ ಸಣ್ಣ ಕಂದು ಗೆರೆ.

“ಸ್ಟೀಮ್ ಬೀಚ್” ಎಂದರು. “ಮೇಲೆ ವಾಲ್‌ನಟ್ ಸ್ಟೇನ್ ಹೊಡೆದಿದ್ದಾರೆ. ಮರ ಯುರೋಪಿನದೇ, ಸುಳ್ಳಲ್ಲ. ನಮ್ಮ ಮಾರ್ಕೆಟಿನಲ್ಲೂ ಸಿಗುತ್ತದೆ.”

ಕಾಲು ಮತ್ತು ಚೌಕಟ್ಟು ಕೂಡುವಲ್ಲಿ ಟಾರ್ಚು ಹಿಡಿದಾಗ ಮಾತ್ರ ಅವರಿಗೆ ನಗು ತಡೆಯಲಾಗಲಿಲ್ಲ. ಅಲ್ಲಿ ಕಪ್ಪು ಬಣ್ಣದ, ನಕ್ಷತ್ರದ ತಲೆಯ ಎರಡು ಸ್ಕ್ರೂ ಇದ್ದವು. ಫಾಲ್ಸ್ ಸೀಲಿಂಗಿಗೆ ಜಿಪ್ಸಮ್ ಹಲಗೆ ಕೂರಿಸುವಾಗ ಹೊಡೆಯುವ ಸ್ಕ್ರೂ. ಐವತ್ತರ ದಶಕದ ಬ್ರಿಯಾಂಝಾದ ಬಡಗಿಯಾಗಿದ್ದರೆ ಇಲ್ಲಿ ಚೂಲ್-ಸಾಲ್ ಇರುತ್ತಿತ್ತು ಎಂದು ನಾನು ಹೇಳಿದೆ. ಒಂದು ಮರದ ತುದಿಯ ನಾಲಗೆ ಇನ್ನೊಂದರ ತೂತಿನೊಳಗೆ ಬಿಗಿಯಾಗಿ ಕೂರುವ ಜೋಡಣೆಗೆ ಇಲ್ಲಿನ ಮಿಸ್ತ್ರಿಗಳು ಹಾಗೆನ್ನುತ್ತಾರೆ. “ನನ್ನ ಅಪ್ಪನೂ ಹಾಗೇ ಮಾಡುತ್ತಿದ್ದರು, ಅದಕ್ಕೆ ಇಟಲಿ ಯಾಕೆ” ಎಂದರು ಅವರು. ಪಾಲಿಶನ್ನು ಮಾತ್ರ ಉಗುರಿನಿಂದ ಕೆರೆದು ನೋಡಿ ಮೆಚ್ಚಿದರು. ಪಿಯು (ಪಾಲಿಯುರೆಥೇನ್), ಒಳ್ಳೆಯ ಹೊಡೆತ, ಬಹುಶಃ ಐಸಿಎ ಇರಬೇಕು ಎಂಬುದು ಅವರ ಅಂದಾಜು. ಐಸಿಎ ಎಂದರೆ ಇಟಲಿಯ ಬಣ್ಣದ ಕಂಪನಿ. ಇಲ್ಲಿ ಫೆವಿಕಾಲ್‌ನ ಪಿಡಿಲೈಟ್ ಜತೆ ಸೇರಿ ಮಾರುತ್ತದೆ. ಅಂತೂ ಆ ಬೆಂಚಿನಲ್ಲಿ ಇಟಲಿಯದು ಏನಾದರೂ ಇದ್ದರೆ ಅದು ಮೇಲಿನ ಪೊರೆ.

ಕೆಲಸ ಕೆಟ್ಟದ್ದೇನಲ್ಲ, ಹದಿನೆಂಟು ಸಾವಿರಕ್ಕೆ ಕೊಟ್ಟರೆ ತೆಗೆದುಕೊಳ್ಳಿ ಎಂದು ಮಿಸ್ತ್ರಿ ತೀರ್ಪು ಕೊಟ್ಟರು. ಕಾಗದ ಕೇಳಿದ್ದಕ್ಕೆ ಮಾರುವವರು ‘ಇಟಾಲಿಯನ್ ಸ್ಟೈಲ್ ಅಂತ ಅರ್ಥ’ ಎಂದರು. ಹುಡುಗ ಮಾತಿಲ್ಲದೆ ಮರಳಿದ. ಲಿಫ್ಟಿನಲ್ಲಿ ಮಾತ್ರ, “ಮಾಮ, ಅಡಿಗೆ ಬಗ್ಗಿ ಯಾರು ನೋಡ್ತಾರೆ?” ಎಂದು ಒಮ್ಮೆ ಕೇಳಿದ. ಆ ಪ್ರಶ್ನೆಯ ಮೇಲೆಯೇ ಈ ವ್ಯಾಪಾರ ನಿಂತಿದೆ.

ಅಸಲಿಯೇ ಆಗಿದ್ದರೂ ಥಾಣೆಯಲ್ಲಿ ಅದರ ಬಾಳು ಸುಖದ್ದಲ್ಲ. ಜೂನಿನಿಂದ ಸೆಪ್ಟೆಂಬರ್ ತನಕ ಇಲ್ಲಿ ಗೋಡೆಯೂ ಬೆವರುತ್ತದೆ. ಯುರೋಪಿನ ಒಣ ಹವೆಗೆ ಹದ ಮಾಡಿದ ಮರ ನೀರು ಕುಡಿದು ಉಬ್ಬುತ್ತದೆ, ದೀಪಾವಳಿಯ ಹೊತ್ತಿಗೆ ಕುಗ್ಗುತ್ತದೆ. ಹಳೇ ಕಾಲದ ಪ್ರಾಣಿಜನ್ಯ ಅಂಟು ಸಡಿಲಾಗಿ ತೆಳುಹಾಳೆ ಏಳುತ್ತದೆ. ಬೀಚ್, ಆಕ್ರೋಟಗಳಿಗೆ ಗೆದ್ದಲಿನ ಎದುರು ನಿಲ್ಲುವ ತಾಕತ್ತಿಲ್ಲ. ತೇಗಕ್ಕೆ ಒಳಗೇ ಎಣ್ಣೆ ಇದೆ, ಊರಿನ ಹಲಸಿನ ಮರದ ಬೆಂಚು ಚಾವಡಿಯ ತೇವದಲ್ಲೇ ಮೂರು ತಲೆಮಾರು ಕಳೆಯುತ್ತದೆ.

ಇಟಲಿಯ ಡಿಸೈನರುಗಳಲ್ಲಿ ನನಗೆ ಹಿಡಿಸಿದವರು ಒಬ್ಬರೇ, ಎಂಜೊ ಮಾರಿ. ಹುಟ್ಟಿದ್ದು 1932, ತೀರಿದ್ದು 2020ರ ಅಕ್ಟೋಬರಿನಲ್ಲಿ, ಮಿಲಾನಿನಲ್ಲಿ, ಕೋವಿಡ್ ಬಾಧೆಯಿಂದ. ಜಗಳಗಂಟ ಮನುಷ್ಯ, ಎಡಪಂಥೀಯ. ಅಂಗಡಿಯಲ್ಲಿ ಸಿಗುವ ಸಾಮಾನಿನ ಗುಣ ಅಳೆಯಲು ಜನರಿಗೆ ಬರುವುದಿಲ್ಲ, ಒಂದು ಸಲ ತಾವೇ ಮಾಡಿದರೆ ಬರುತ್ತದೆ ಎಂದು ವಾದಿಸುತ್ತಿದ್ದರು. 1974ರಲ್ಲಿ ‘ಆಟೊಪ್ರೊಜೆತ್ತಾತ್ಸಿಯೋನೆ’ ಎಂಬ ಹೆಸರಿನಲ್ಲಿ ಹತ್ತೊಂಬತ್ತು ನಕ್ಷೆ ಹೊರಗೆ ತಂದರು. ಮೇಜು, ಕುರ್ಚಿ, ಬೆಂಚು, ಕಪಾಟು, ಮಂಚ. ಎಲ್ಲವೂ ಮಾರ್ಕೆಟಿನಲ್ಲಿ ಸಿಗುವ ಅಳತೆಯ ಒರಟು ಪೈನ್ ಹಲಗೆ ಮತ್ತು ಮೊಳೆಯಿಂದ. ಬೇಕಾದ ಹತಾರ ಗರಗಸ, ಸುತ್ತಿಗೆ. ಅಂಚೆ ಖರ್ಚು ಕಳಿಸಿದವರಿಗೆ ನಕ್ಷೆ ಪುಕ್ಕಟೆ. ಕಾರ್ಖಾನೆ ಮತ್ತು ವ್ಯಾಪಾರಿಗಳನ್ನು ಬಿಟ್ಟು ಯಾರು ಬೇಕಾದರೂ ಮಾಡಿಕೊಳ್ಳಬಹುದು. ಮಾಡಿದ ಮೇಲೆ ಒಂದು ಫೋಟೊ ಕಳಿಸಿದರೆ ಸಂತೋಷ. ಸಾವಿರಾರು ಜನ ಬರೆದರು. ಆಗಿನ ಕಾಲದ ಆ ಮೊಳೆ ಹೊಡೆದ ಸಾಮಾನು ಈಗ ಹರಾಜಿನಲ್ಲಿ ಸಾವಿರಾರು ಯುರೊಗೆ ಹೋಗುತ್ತದೆ. ಇದನ್ನೆಲ್ಲ ಬಲ್ಲವರಾದ್ದರಿಂದಲೋ ಏನೋ, ಮಾರಿ ತಮ್ಮ ಕಾಗದಪತ್ರಗಳನ್ನೆಲ್ಲ ಮಿಲಾನ್ ನಗರಕ್ಕೆ ಕೊಡುವಾಗ ನಲವತ್ತು ವರ್ಷ ಯಾರಿಗೂ ತೋರಿಸಬಾರದು ಎಂದು ಷರತ್ತು ಹಾಕಿದರು.

ಮಾರಿಯ ನಕ್ಷೆ ನೋಡಿದ ಕೂಡಲೇ ನನಗೆ ಕಾಪೂರ್‌ಬಾವಡಿಯ ಮೆಟ್ರೊ ಕೆಲಸದ ಜಾಗದಲ್ಲಿ ಸೆಂಟ್ರಿಂಗ್‌ನವರು ಕೂರುವ ಬೆಂಚು ಕಣ್ಣಿಗೆ ಬಂತು. ಎರಡು ಅಡ್ಡ ಹಲಗೆ, ಓರೆಯಾಗಿ ಒಂದು ಆಧಾರ, ಮೇಲೆ ಎರಡು ಉದ್ದ ಹಲಗೆ, ನಾಲ್ಕು ಇಂಚಿನ ಮೊಳೆ. ಚಾ ಕುಡಿಯಲು ಕೂತಾಗ ಒಂದು ಹಲಗೆಯ ಪಕ್ಕದಲ್ಲಿ ಸುಟ್ಟು ಒತ್ತಿದ ಮುದ್ರೆ ಕಂಡಿತು. ಗೋಧಿ ತೆನೆಯ ಗುರುತು, ಅದರ ಪಕ್ಕ ‘ಐಟಿ’, ಕೆಳಗೆ ‘ಎಚ್‌ಟಿ’. ಹಡಗಿನಲ್ಲಿ ಬರುವ ಪ್ಯಾಕಿಂಗ್ ಮರದೊಳಗೆ ಹುಳ ಬರಬಾರದೆಂದು ಅದರ ತಿರುಳು 56 ಡಿಗ್ರಿ ಮುಟ್ಟಿ ಅರ್ಧ ಗಂಟೆ ನಿಲ್ಲುವ ಹಾಗೆ ಕಾಯಿಸಿ ಈ ಮುದ್ರೆ ಒತ್ತುವುದು ಅಂತರರಾಷ್ಟ್ರೀಯ ನಿಯಮ. ‘ಎಚ್‌ಟಿ’ ಎಂದರೆ ಕಾಯಿಸಿದ್ದು, ‘ಐಟಿ’ ಎಂದರೆ ಇಟಲಿ. ಯಾವುದೋ ಮಾರ್ಬಲ್ಲಿನದೋ ಯಂತ್ರದ್ದೋ ಪೆಟ್ಟಿಗೆಯಾಗಿ ನ್ಹಾವಾ ಶೇವಾಕ್ಕೆ ಬಂದು, ಭಿವಂಡಿಯಲ್ಲಿ ಒಡೆದು, ಪೈನ್‌ವುಡ್ ಎಂದು ಕಿಲೊ ಲೆಕ್ಕದಲ್ಲಿ ಮಾರಾಟವಾಗಿ ಇಲ್ಲಿಗೆ ಬಂದ ಹಲಗೆ. ಇಟಲಿಯ ಮರ, ಇಟಲಿಯ ಡಿಸೈನು, ಸರ್ಕಾರಿ ಮುದ್ರೆಯ ಪ್ರಮಾಣಪತ್ರ ಸಮೇತ ಮಾಜಿವಾಡಾದಲ್ಲಿ ನಾನು ಕಂಡ ಬೆಂಚು ಅದೊಂದೇ. ಸೆಂಟ್ರಿಂಗ್‌ನವರಿಗೆ ಮಾರಿಯ ಹೆಸರು ಗೊತ್ತಿರಬೇಕಾದ ಅಗತ್ಯವೇನೂ ಇಲ್ಲ.

ಹುಡುಗನಿಗೆ ಇದನ್ನು ಹೇಳಿ, ಅಂಥದ್ದೇ ಒಂದನ್ನು ಮನೆಗೆ ಮಾಡಿಸಿಕೋ ಎಂದೆ. ನಕ್ಷೆ ನೋಡಿ ಅವನಿಗೂ ಹುರುಪು ಬಂತು. ಬಂದವರಿಗೆ ಹೇಳಲು ಒಂದು ಇಟಾಲಿಯನ್ ಹೆಸರು ಇದೆಯಲ್ಲ. ಇಬ್ಬರೂ ಹೋಗಿ ಬಾಳ್ಕುಮ್‌ನ ಮಿಸ್ತ್ರಿಯವರಿಗೆ ಫೋನಿನಲ್ಲಿ ತೋರಿಸಿದೆವು. ಅವರು ಕನ್ನಡಕ ಏರಿಸಿ ನೋಡಿದರು, ಹಿಗ್ಗಿಸಿ ನೋಡಿದರು, ಮುಖ ಗಂಟಾಯಿತು.

“ಇದು ಸೆಂಟ್ರಿಂಗ್‌ನವರ ಕೆಲಸ. ಹಲಗೆಗೆ ಮೊಳೆ ಹೊಡೆದರೆ ಎರಡು ಮಳೆಗಾಲದಲ್ಲಿ ಮೊಳೆ ತುಕ್ಕು ಹಿಡಿದು ಅಲ್ಲಾಡುತ್ತದೆ. ಸಾಗವಾನಿಯಲ್ಲಿ ಚೂಲ್-ಸಾಲ್ ಹಾಕಿ ಕೊಡುತ್ತೇನೆ, ನಿಮ್ಮ ಮೊಮ್ಮಕ್ಕಳೂ ಕೂರಬಹುದು.”

ಬೇಡ, ನಕ್ಷೆಯಲ್ಲಿ ಇರುವ ಹಾಗೇ ಬೇಕು, ಅದು ಬಹಳ ದೊಡ್ಡ ಡಿಸೈನರ್ ಮಾಡಿದ್ದು ಎಂದು ಹುಡುಗ ಪಟ್ಟು ಹಿಡಿದ.

“ಹಾಗಾದರೆ ಹಲಗೆ ಅಳತೆಗೆ ಕೊಯ್ದು ಕೊಡುತ್ತೇನೆ” ಎಂದರು ಮಿಸ್ತ್ರಿ. “ಮೊಳೆ ನೀವೇ ಹೊಡೆದುಕೊಳ್ಳಿ. ಸುತ್ತಿಗೆ ನಾನು ಕೊಡುತ್ತೇನೆ, ಬಾಡಿಗೆ ಬೇಡ.”